‘ಅತಿಖರೀದಿ’ ಎಂದರೆ ಮಾರಬೇಕು ಎಂದೇ? ಆರ್‌ಎಸ್‌ಐ ಪದಗಳ ಬಗ್ಗೆ

ಬಳಗದವರಿಗೆ ನಮಸ್ಕಾರ.

ಷೇರು ವಹಿವಾಟು ಕಲಿಯುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಅದರಲ್ಲಿ ಆರ್‌ಎಸ್‌ಐ (ರಿಲೇಟಿವ್ ಸ್ಟ್ರೆಂತ್ ಇಂಡೆಕ್ಸ್) ಎಂಬ ಮೊಮೆಂಟಮ್ ಇಂಡಿಕೇಟರ್‌ಗೆ, ಅಂದರೆ ಬೆಲೆಯ ಏರಿಳಿತದ ಜೋರನ್ನು 0ರಿಂದ 100ರೊಳಗಿನ ಅಂಕಿಯಲ್ಲಿ ತೋರಿಸುವ ಅಳತೆಗೆ, ಒಂದು ಅಧ್ಯಾಯವಿದೆ. ಕರಡಿನಲ್ಲಿ ಅದನ್ನು ‘ಸಾಪೇಕ್ಷ ಸಾಮರ್ಥ್ಯ ಸೂಚ್ಯಂಕ’ ಎಂದೂ ಮೊಮೆಂಟಮ್ ಅನ್ನು ‘ಸಂವೇಗ’ ಎಂದೂ ಬರೆದಿದೆ. ಆರ್‌ಎಸ್‌ಐ 70 ದಾಟಿದರೆ ಹೇಳುವ ಓವರ್‌ಬಾಟ್, 30ರ ಕೆಳಗಿಳಿದರೆ ಹೇಳುವ ಓವರ್‌ಸೋಲ್ಡ್‌ಗಳು ‘ಅತಿಖರೀದಿ’, ‘ಅತಿಮಾರಾಟ’ ಆಗಿವೆ. ಬೆಲೆ ಒಂದು ಕಡೆ, ಆರ್‌ಎಸ್‌ಐ ಇನ್ನೊಂದು ಕಡೆ ಹೋಗುವ ಡೈವರ್ಜೆನ್ಸ್‌ಗೆ ಇನ್ನೂ ಪದ ಸಿಕ್ಕಿಲ್ಲ. ಕರಡು ಓದಿದವರಲ್ಲಿ ಕೆಲವರು ‘ಅತಿಖರೀದಿ ಎಂದು ಬಂದ ಕೂಡಲೇ ಮಾರಬೇಕಲ್ಲವೇ?’ ಎಂದು ಕೇಳುತ್ತಿದ್ದಾರೆ. ತಪ್ಪು ಪದದಲ್ಲಿದೆಯೋ ವಿವರಣೆಯಲ್ಲಿದೆಯೋ ತಿಳಿಸಿಕೊಡಿ.

—

ನಮಸ್ಕಾರ ಸರ್.

ತಪ್ಪು ಪದದಲ್ಲೇ ಇದೆ. ‘ಅತಿಖರೀದಿ’ಗಿಂತ ಮೊದಲು ‘ಸೂಚ್ಯಂಕ’ವನ್ನು ತೆಗೆಯಿರಿ. ಕನ್ನಡ ಪತ್ರಿಕೆ ಓದುವವರಿಗೆ ಸೂಚ್ಯಂಕ ಎಂದರೆ ಸೆನ್ಸೆಕ್ಸ್, ನಿಫ್ಟಿ. ‘ಸೂಚ್ಯಂಕ 70 ದಾಟಿತು’ ಎಂದು ಬರೆದರೆ ಅವರ ಮನಸ್ಸು ಅತ್ತ ಹೋಗುತ್ತದೆ. ‘ಸಾಪೇಕ್ಷ’ ಸೇರಿದರೆ, ಈ ಷೇರನ್ನು ನಿಫ್ಟಿಯೊಂದಿಗೆ ಹೋಲಿಸಿದ್ದಾರೆ ಎಂಬ ಭ್ರಮೆಯೂ ಹುಟ್ಟುತ್ತದೆ. ಆರ್‌ಎಸ್‌ಐ ಹಾಗೆ ಹೋಲಿಸುವುದಿಲ್ಲ. ಒಂದೇ ಷೇರಿನ ಏರಿಕೆಯನ್ನು ಅದರದೇ ಇಳಿಕೆಯ ಎದುರು ತೂಗುತ್ತದೆ, ಅಷ್ಟೆ.

ಲೆಕ್ಕ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಆರ್‌ಎಸ್‌ಐ ರೂಪಿಸಿದ ವೆಲ್ಸ್ ವೈಲ್ಡರ್ 1978ರಲ್ಲಿ ಪ್ರಕಟಿಸಿದ ಕ್ರಮದಲ್ಲಿ 14 ದಿನಗಳ ಮುಕ್ತಾಯದ ಬೆಲೆಗಳನ್ನು ಹಿಡಿದು ಸರಾಸರಿ ಏರಿಕೆ ಎಷ್ಟು, ಸರಾಸರಿ ಇಳಿಕೆ ಎಷ್ಟು ಎಂದು ಬೇರೆ ಬೇರೆ ತೆಗೆಯುತ್ತಾರೆ. ಏರಿಕೆ 6 ರೂಪಾಯಿ, ಇಳಿಕೆ 2 ರೂಪಾಯಿ ಎಂದಿಟ್ಟುಕೊಳ್ಳಿ. ಒಟ್ಟು 8ರಲ್ಲಿ ಏರಿಕೆಯ ಪಾಲು 6, ಅಂದರೆ ಶೇ 75. ಆರ್‌ಎಸ್‌ಐ 75 ಎಂದರೆ ಇದೇ. ಮರುದಿನದಿಂದ ಎರಡೂ ಹಳೆಯ ಸರಾಸರಿಗಳನ್ನು 13ರಿಂದ ಗುಣಿಸಿ, ಆ ದಿನದ ಏರಿಕೆಯನ್ನು ಏರಿಕೆಯ ಲೆಕ್ಕಕ್ಕೆ ಅಥವಾ ಇಳಿಕೆಯನ್ನು ಇಳಿಕೆಯ ಲೆಕ್ಕಕ್ಕೆ ಕೂಡಿ, ಎರಡನ್ನೂ 14ರಿಂದ ಭಾಗಿಸಬೇಕು. ಮರುದಿನ ಬೆಲೆ 10 ರೂಪಾಯಿ ಬಿದ್ದರೆ ಆರ್‌ಎಸ್‌ಐ 68.4ಕ್ಕೆ ಇಳಿಯುತ್ತದೆ. ಬೀಳುವ ಬದಲು 2 ರೂಪಾಯಿ ಏರಿದರೆ 75.5 ಆಗುತ್ತದೆ. ಏರಿಕೆ ನಿಧಾನವಾದರೂ ಅದು ಇಳಿಯಲಿಲ್ಲ, ಗಮನಿಸಿ. ಬೆಲೆ ಬಿದ್ದ ದಿನ ಮಾತ್ರ ಅದು ಇಳಿಯುತ್ತದೆ.

ಇನ್ನು ಮೊಮೆಂಟಮ್‌ಗೆ ‘ಸಂವೇಗ’ವೂ ಒಗ್ಗುವುದಿಲ್ಲ. ಶಾಲೆಯ ವಿಜ್ಞಾನದಲ್ಲಿ ಅದು ರಾಶಿ ಮತ್ತು ವೇಗಗಳ ಗುಣಲಬ್ಧ. ಇಲ್ಲಿ ರಾಶಿಯೇ ಇಲ್ಲ. ‘ರಭಸ’ ಸಾಕು ಅನ್ನಿಸುತ್ತದೆ. ಹೊಳೆಯ ರಭಸ, ಮಳೆಯ ರಭಸ ಎಲ್ಲರಿಗೂ ಗೊತ್ತು. ಈ ಬಗೆಯ ಅಳತೆಗಳನ್ನು ಒಟ್ಟಾಗಿ ‘ರಭಸಸೂಚಕ’ ಎನ್ನಿ. ಆರ್‌ಎಸ್‌ಐ ಎಂಬ ಹೆಸರನ್ನು ಹಾಗೇ ಬಿಡಿ. ಚಾರ್ಟ್ ತೆರೆದವರಿಗೆ ಕಾಣುವುದೂ ಅದೇ ಹೆಸರು.

ಈಗ ‘ಅತಿಖರೀದಿ’. ಪ್ರತಿ ವಹಿವಾಟಿನಲ್ಲೂ ಕೊಂಡಷ್ಟೇ ಮಾರಾಟವೂ ಆಗಿರುತ್ತದೆ. ಎಷ್ಟು ಷೇರು ಕೈಬದಲಾಯಿಸಿತು ಎಂಬುದು ಆರ್‌ಎಸ್‌ಐ ಲೆಕ್ಕಕ್ಕೆ ಬರುವುದೇ ಇಲ್ಲ. ಅದಕ್ಕೆ ಕಾಣುವುದು ಬೆಲೆಯೊಂದೇ. ಸಾಲದ್ದಕ್ಕೆ ಕನ್ನಡದಲ್ಲಿ ‘ಅತಿ’ ಎಂದರೆ ತಪ್ಪು ನಡೆದಿದೆ, ಸರಿಪಡಿಸಬೇಕು ಎಂಬ ಧ್ವನಿ. ನಿಮ್ಮ ಓದುಗರು ಮಾರಲು ಹೊರಟಿದ್ದು ಆ ಧ್ವನಿಯನ್ನು ಕೇಳಿಯೇ. ಬೆಲೆ ಏರುತ್ತಲೇ ಹೋಗುವ ಬಲವಾದ ಗೂಳಿ ಓಟದಲ್ಲಿ ಆರ್‌ಎಸ್‌ಐ ವಾರಗಟ್ಟಲೆ 70ರ ಮೇಲೆ ನಿಲ್ಲಬಹುದು. 70 ಮುಟ್ಟಿದ ಕೂಡಲೇ ಮಾರಿದವರಿಗೆ ಓಟದ ದೊಡ್ಡ ಭಾಗ ತಪ್ಪಿಹೋಗುತ್ತದೆ. ಕುಸಿಯುವ ಷೇರನ್ನು ಆರ್‌ಎಸ್‌ಐ 30ಕ್ಕೆ ಇಳಿದ ಕೂಡಲೇ ಕೊಂಡವರ ಪಾಡು ಇನ್ನೂ ಕಷ್ಟ. ಆರ್‌ಎಸ್‌ಐ 20ರಲ್ಲೇ ಕೂತಿರುತ್ತದೆ, ಬೆಲೆ ಮಾತ್ರ ಕರಗುತ್ತಲೇ ಇರುತ್ತದೆ.

70ರಿಂದ ಮೇಲಿನದನ್ನು ‘ಮೇಲಂಚು’, 30ರಿಂದ ಕೆಳಗಿನದನ್ನು ‘ಕೆಳಂಚು’ ಎಂದು ಕರೆಯುವುದು ನನ್ನ ಸಲಹೆ. ಈ ಪದಗಳು ಆರ್‌ಎಸ್‌ಐ ಎಲ್ಲಿದೆ ಎಂದು ಮಾತ್ರ ಹೇಳುತ್ತವೆ, ಏನು ಮಾಡಬೇಕೆಂದು ಹೇಳುವುದಿಲ್ಲ. ಆಗ ವಹಿವಾಟಿನ ನಿಯಮವನ್ನೂ ನೇರವಾಗಿ ಬರೆಯಬಹುದು: ‘ಮೇಲಂಚಿಗೆ ಹೋದಾಗ ಮಾರಬೇಡಿ. ಅಲ್ಲಿಂದ 70ರ ಕೆಳಗಿಳಿದು ದಿನ ಮುಗಿದರೆ, ಬೆಲೆಯೂ ಹಿಂದಿನ ತಗ್ಗನ್ನು ಮುರಿದರೆ, ಆಗ ಹೊರಬರುವ ಯೋಚನೆ ಮಾಡಿ.’ ‘ದಿನ ಮುಗಿದರೆ’ ಎಂಬ ಮಾತನ್ನು ಬಿಡಬೇಡಿ. ಬೆಳಿಗ್ಗೆ 11 ಗಂಟೆಗೆ 68 ಎಂದು ತೋರಿಸಿದ್ದು ಮಧ್ಯಾಹ್ನ 3.30ಕ್ಕೆ ಮತ್ತೆ 72 ಆಗಿರಬಹುದು. ಕೊಳ್ಳುವಾಗಲೂ ಹಾಗೆಯೇ: ಕೆಳಂಚಿನಿಂದ 30ರ ಮೇಲೆ ಬಂದು ದಿನ ಮುಗಿಯುವವರೆಗೆ ಕಾಯಬೇಕು, ಹಿಂದಿನ ತಗ್ಗಿನ ಕೆಳಗೆ ಸ್ಟಾಪ್‌ಲಾಸ್ (ಬೆಲೆ ಅಲ್ಲಿಗಿಳಿದರೆ ಮಾರಿಬಿಡುವ ಆದೇಶ) ಇಡಬೇಕು.

ಎಕ್ಸೆಲ್‌ನಲ್ಲಿ ಲೆಕ್ಕ ಹಾಕುವವರಿಗೆ ಎರಡು ಎಚ್ಚರಿಕೆ ಸೇರಿಸಿ. ಹಳೆಯ ಸರಾಸರಿ ಪ್ರತಿದಿನ ಮುಂದಕ್ಕೆ ಹರಿದುಬರುವುದರಿಂದ 20 ದಿನಗಳ ಬೆಲೆ ಹಾಕಿದರೆ ಬರುವ ಅಂಕಿ ಚಾರ್ಟ್‌ನಲ್ಲಿರುವುದಕ್ಕೆ ಹೊಂದದೆ ಹೋಗಬಹುದು. ನೂರಕ್ಕೂ ಹೆಚ್ಚು ದಿನಗಳಿಂದ ಶುರುಮಾಡಿದರೆ ಹೆಚ್ಚುಕಡಿಮೆ ಕೂಡಿಬರುತ್ತದೆ. ಇನ್ನೊಂದು, ಬೋನಸ್ ಷೇರು. ಇರುವ ಒಂದು ಷೇರಿಗೆ ಇನ್ನೊಂದನ್ನು ಉಚಿತವಾಗಿ ಕೊಡುವ ಒಂದಕ್ಕೊಂದು ಬೋನಸ್ ಕೊಟ್ಟಾಗ 1,000 ರೂಪಾಯಿಯ ಷೇರು 500ಕ್ಕೆ ಬರುತ್ತದೆ. ಹಿಂದಿನ ಬೆಲೆಗಳನ್ನು ಅರ್ಧ ಮಾಡದಿದ್ದರೆ ಮೇಲಿನ ಉದಾಹರಣೆಯ 75 ಒಂದೇ ದಿನಕ್ಕೆ 12.9ಕ್ಕೆ ಬೀಳುತ್ತದೆ. ಯಾರಿಗೂ ನಷ್ಟವಾಗಿರುವುದಿಲ್ಲ, ಆದರೂ ಅದು ಕೆಳಂಚಿನಂತೆ ಕಾಣುತ್ತದೆ.

ಡೈವರ್ಜೆನ್ಸ್‌ಗೆ ‘ಭಿನ್ನತೆ’ ಬಹಳ ಸಪ್ಪೆ. ಬೆಲೆ ಹಿಂದಿನ ಶಿಖರವನ್ನು ದಾಟುತ್ತದೆ, ಆರ್‌ಎಸ್‌ಐ ದಾಟುವುದಿಲ್ಲ. ಎರಡೂ ಒಂದೇ ಶ್ರುತಿಯಲ್ಲಿಲ್ಲ. ‘ಒಡಕು’ ಎಂದರೆ ಹೇಗೆ? ‘ಶಿಖರದಲ್ಲಿ ಒಡಕು’, ‘ತಗ್ಗಿನಲ್ಲಿ ಒಡಕು’ ಎಂದು ಎರಡೂ ಬಗೆಯನ್ನು ಬೇರ್ಪಡಿಸಿ ಹೇಳಲೂ ಬರುತ್ತದೆ. ಒಡಕು ಕಂಡರೂ ಬೆಲೆ ಇನ್ನೂ ಎರಡು ಮೂರು ಶಿಖರ ಏರಬಹುದು ಎಂಬುದನ್ನು ಅದೇ ಪುಟದಲ್ಲಿ ಬರೆಯಿರಿ. ಇದಕ್ಕಿಂತ ಹಗುರವಾದ ಪದ ಬಳಗದಲ್ಲಿ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ.