ಆ ಫೋಟೋ ಮೊದಲು ತೆಗೆಯಿರಿ

ಎಲ್ಲರಿಗೂ ನಮಸ್ಕಾರ. ನಾನು ಮಾತಾಡಿದ್ದನ್ನು ಫೋನೇ ಅಕ್ಷರ ಮಾಡಿಕೊಡುತ್ತಿದೆ, ಅದಕ್ಕೆ ಉದ್ದ ಆಗುತ್ತದೆ. ದಯವಿಟ್ಟು ಪೂರ್ತಿ ಓದಿ.

ನಿನ್ನೆ ರಾತ್ರಿಯಿಂದ ಗ್ರೂಪಿನಲ್ಲಿ ಆ ಕೊಲೆ ಕೇಸಿನದ್ದೇ ಮಾತು. ಗಂಡ ಸತ್ತಿದ್ದಾನೆ, ಹೆಂಡತಿ ಮತ್ತು ಅವಳ ತಮ್ಮ ಅರೆಸ್ಟ್ ಆಗಿದ್ದಾರೆ. ಮಾವ ಒಂದು ಪಿಡಿಎಫ್ ಹಾಕಿದ್ದಾರೆ, ಚಾರ್ಜ್ ಶೀಟ್ ಅಂತೆ. ಚಿಕ್ಕಮ್ಮ "ಒಪ್ಪಿಕೊಂಡಿದ್ದಾಳಂತೆ, ಇನ್ನೇನು ಬೇಕು" ಅಂದಿದ್ದಾರೆ. ಭಾವ "ಸೆಕ್ಷನ್ ಬದಲಾಯಿಸಿದ್ದಾರೆ, ದುಡ್ಡು ತಿಂದಿದ್ದಾರೆ" ಅಂದಿದ್ದಾರೆ. ಅಣ್ಣನ ಮಗ ಆ ತಮ್ಮನ ಫೋಟೋಗೆ ಕೆಂಪು ಗೆರೆ ಸುತ್ತಿ "ಇವನೇ" ಅಂತ ಹಾಕಿದ್ದಾನೆ. ಬೆಳಗ್ಗೆ ಎದ್ದು ಇದನ್ನೆಲ್ಲ ಓದಿ ನನಗೆ ಸಂಕಟ ಆಯಿತು. 31 ವರ್ಷ ಕೋರ್ಟಿನಲ್ಲಿ ಕೂತು ಸಾಕ್ಷಿಗಳು ಹೇಳಿದ್ದನ್ನು ಟೈಪ್ ಮಾಡಿದವಳು ನಾನು. ಸುಮ್ನೆ ಇರಲು ಆಗುತ್ತಿಲ್ಲ.

ಮೊದಲು ಫೋಟೋ. ಪುಟ್ಟಾ, ಅತ್ತೆ ಬೈಯುತ್ತಿದ್ದಾಳೆ ಅಂದುಕೊಳ್ಳಬೇಡ. ಕೊಲೆ ಆದ ರಾತ್ರಿ ಆ ಮನೆಯಿಂದ ಒಬ್ಬ ಹುಡುಗ ಓಡಿ ಹೋಗಿದ್ದನ್ನು ಯಾರೋ ನೋಡಿದ್ದಾರೆ ಅಂತ ಟಿವಿಯಲ್ಲಿ ಬಂತು ಅಲ್ವಾ? ಹೀಗೆ ಪರಿಚಯ ಇಲ್ಲದವರನ್ನು ನೋಡಿದ ಸಾಕ್ಷಿ ಇದ್ದರೆ ಜೈಲಿನಲ್ಲಿ ಗುರುತು ಪತ್ತೆ ಪೆರೇಡ್ ಮಾಡಿಸುತ್ತಾರೆ. ನಮ್ಮ ಕಡೆ ಸಾಮಾನ್ಯವಾಗಿ ತಹಶೀಲ್ದಾರರು ಬಂದು ನಡೆಸುತ್ತಾರೆ. ಹೆಚ್ಚು ಕಡಿಮೆ ಅದೇ ವಯಸ್ಸು, ಅದೇ ಮೈಕಟ್ಟಿನ ಬೇರೆಯವರ ಸಾಲಿನಲ್ಲಿ ಆರೋಪಿಯನ್ನು ನಿಲ್ಲಿಸುತ್ತಾರೆ. ಆಮೇಲೆ ಸಾಕ್ಷಿಯನ್ನು ಕರೆದು, ನೀನು ನೋಡಿದ್ದು ಯಾರನ್ನು, ಮುಟ್ಟಿ ತೋರಿಸು ಅನ್ನುತ್ತಾರೆ. ಆ ಸಾಕ್ಷಿ ಅದಕ್ಕೆ ಮೊದಲೇ ಫೋಟೋ ನೋಡಿಬಿಟ್ಟಿದ್ದರೆ? ಅವನು ಗುರುತು ಹಿಡಿದದ್ದು ರಾತ್ರಿ ಕಂಡ ಮುಖವನ್ನೋ ಫೋಟೋದ ಮುಖವನ್ನೋ ಅಂತ ಯಾರು ಹೇಳುತ್ತಾರೆ.

ನಾನೇ ಟೈಪ್ ಮಾಡಿದ ಒಂದು ಕೇಸು. ಊರು ಬೇಡ, ಹೆಸರು ಬೇಡ. ಸಾಕ್ಷಿ ಮನೆ ಮನೆಗೆ ಹಾಲು ಹಾಕುವ ಹುಡುಗ. ಮುಖ್ಯ ವಿಚಾರಣೆಯಲ್ಲಿ ಗಟ್ಟಿಯಾಗಿ, ತಡವರಿಸದೆ ಹೇಳಿದ. ಪಾಟಿ ಸವಾಲಿಗೆ ಆರೋಪಿ ಕಡೆ ವಕೀಲರು ಎದ್ದರು. ಜಾಸ್ತಿ ಏನೂ ಕೇಳಲಿಲ್ಲ. "ಪೆರೇಡಿಗೆ ಅಂತ ಜೈಲಿಗೆ ಹೋಗುವ ಮೊದಲು ಇವನ ಫೋಟೋ ಮೊಬೈಲಿನಲ್ಲಿ ನೋಡಿದ್ದೆಯಾ?" ಹುಡುಗ "ಹೌದು ಸಾರ್, ಎಲ್ಲರ ಮೊಬೈಲಿಗೂ ಬಂದಿತ್ತು" ಅಂದ. ಜಡ್ಜ್ ಸಾಹೇಬರು ನನ್ನ ಕಡೆ ತಿರುಗಿ ಬರೆಸಿದರು, "ಪೆರೇಡಿಗೆ ಮೊದಲು ಆರೋಪಿಯ ಫೋಟೋವನ್ನು ಮೊಬೈಲಿನಲ್ಲಿ ನೋಡಿದ್ದೆ ಎಂದರೆ ಸರಿ." "ಎಂದರೆ ಸರಿ" ಅಂದರೆ ಸಾಕ್ಷಿ ಒಪ್ಪಿಕೊಂಡ ಅಂತ, ಅದನ್ನು ಟೈಪ್ ಮಾಡುವಾಗ ನನ್ನ ಬೆರಳು ನಿಂತಿತು. ಸತ್ತವನ ತಾಯಿ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅವರಿಗೆ ಏನಾಯಿತು ಅಂತ ತಿಳಿಯಲಿಲ್ಲ, ಪಕ್ಕದವರನ್ನು "ಚೆನ್ನಾಗಿ ಹೇಳಿದನಾ" ಅಂತ ಕೇಳುತ್ತಿದ್ದರು. ಆರೋಪಿ ಬಿಡುಗಡೆ ಆದ. ಅವನೇ ಮಾಡಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಆ ತಾಯಿಗೂ ಗೊತ್ತಾಗಲಿಲ್ಲ. ಆ ಫೋಟೋ ಹಂಚಿದವರೆಲ್ಲ ಆ ತಾಯಿ ಪರವಾಗಿ ಸಿಟ್ಟು ಮಾಡಿಕೊಂಡವರೇ.

ಚಿಕ್ಕಮ್ಮ, ಈಗ ನಿಮ್ಮ ಮಾತಿಗೆ ಬರುತ್ತೇನೆ. ಪೊಲೀಸರ ಮುಂದೆ "ನಾನೇ ಕೊಂದೆ" ಅಂತ ಹೇಳಿದ್ದನ್ನು ಕೋರ್ಟಿನಲ್ಲಿ ಅವರ ವಿರುದ್ಧ ಬಳಸುವ ಹಾಗಿಲ್ಲ. ಹಳೇ ಸಾಕ್ಷ್ಯ ಕಾಯ್ದೆಯಲ್ಲಿ 25ನೇ ಸೆಕ್ಷನ್, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 23. ಬ್ರಿಟಿಷರ ಕಾಲದಿಂದ ಹೀಗೇ ಇದೆ, ಯಾಕೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಒಪ್ಪಿಕೊಳ್ಳುವುದಾದರೆ ಮ್ಯಾಜಿಸ್ಟ್ರೇಟರ ಮುಂದೆ ಒಪ್ಪಿಕೊಳ್ಳಬೇಕು. ಅವರೂ ಮೊದಲು "ನೀವು ಹೇಳಲೇಬೇಕು ಅಂತ ಇಲ್ಲ, ಹೇಳಿದರೆ ನಿಮ್ಮ ವಿರುದ್ಧವೇ ಬಳಸಬಹುದು" ಅಂತ ತಿಳಿಸಿ ಆಮೇಲೆ ಬರೆದುಕೊಳ್ಳಬೇಕು. ಟಿವಿಯವರು "ತಪ್ಪೊಪ್ಪಿಗೆ" ಅಂತ ದೊಡ್ಡ ಅಕ್ಷರದಲ್ಲಿ ಹಾಕುತ್ತಾರಲ್ಲ, ಹೆಚ್ಚಿನ ಸಲ ಅದು ಸ್ಟೇಷನ್ನಿನಲ್ಲಿ ಬರೆದುಕೊಂಡ ಹೇಳಿಕೆ.

ಆ ಹೇಳಿಕೆಯಲ್ಲಿ ಒಂದು ಭಾಗಕ್ಕೆ ಮಾತ್ರ ಬೆಲೆ ಉಂಟು. "ಮಚ್ಚನ್ನು ಇಂಥ ಕಡೆ ಬಚ್ಚಿಟ್ಟಿದ್ದೇನೆ, ತೋರಿಸುತ್ತೇನೆ" ಅಂತ ಹೇಳಿ, ಅದರಿಂದಲೇ ಮಚ್ಚು ಸಿಕ್ಕರೆ, ಆ ಮಾತಿನಷ್ಟನ್ನು ತೆಗೆದುಕೊಳ್ಳುತ್ತಾರೆ. ಅದಕ್ಕೂ ಪಂಚರು ಬೇಕು, ಅಂದರೆ ನಿಂತು ನೋಡಿ ಸಹಿ ಹಾಕುವ ಹೊರಗಿನವರು. ಅವರ ಮುಂದೆ ಜಪ್ತಿ ಮಹಜರು ಬರೆಯಬೇಕು, ಏನು ಎಲ್ಲಿ ಸಿಕ್ಕಿತು ಅಂತ. ಹೀಗೆ ಜಪ್ತಿ ಮಾಡಿ ಕೋರ್ಟಿಗೆ ತಂದ ಮುದ್ದೆಮಾಲು ನಾನು ನೂರಾರು ನೋಡಿದ್ದೇನೆ. ಬಿಳಿ ಬಟ್ಟೆಯಲ್ಲಿ ಹೊಲಿದ ಗಂಟು, ಮೇಲೆ ಅರಗಿನ ಮುದ್ರೆ, ಒಳಗೆ ಪಂಚರ ಸಹಿ ಇರುವ ಚೀಟಿ. ಕೋರ್ಟಿನಲ್ಲಿ ಆ ಹೊಲಿಗೆ ಬಿಚ್ಚಿದಾಗ ಎಲ್ಲರೂ ಮೊದಲು ನೋಡುವುದು ಮಚ್ಚನ್ನಲ್ಲ, ಆ ಚೀಟಿಯನ್ನು. ಸಹಿ ಇದೆಯಾ, ತಾರೀಖು ಸರಿಯಾಗಿದೆಯಾ. ಜಪ್ತಿ ಆದದ್ದು ಒಂದನೇ ತಾರೀಖು, ಅಪರಾಧ ಪರೀಕ್ಷೆಯ ಲ್ಯಾಬ್ ಆದ ಎಫ್‌ಎಸ್‌ಎಲ್‌ಗೆ ತಲುಪಿದ್ದು ಇಪ್ಪತ್ತೆಂಟಕ್ಕೆ ಅಂದರೆ ನಡುವೆ ಅದು ಎಲ್ಲಿತ್ತು, ಯಾರ ಕೈಯಲ್ಲಿತ್ತು ಅಂತ ಗಂಟೆಗಟ್ಟಲೆ ಪಾಟಿ ಸವಾಲು ನಡೆಯುತ್ತದೆ. ಕೆಲವು ಸಲ ಪಂಚನೇ ಬಂದು "ನಾನು ಎಲ್ಲಿಗೂ ಹೋಗಿಲ್ಲ, ಸ್ಟೇಷನ್ನಿನಲ್ಲಿ ಸಹಿ ಹಾಕು ಅಂದರು, ಹಾಕಿದೆ" ಅಂದುಬಿಡುತ್ತಾನೆ. ಟಿವಿಯಲ್ಲಿ "ಮಚ್ಚು ಸಿಕ್ಕಿತು" ಅನ್ನುವುದು ಎರಡೇ ಪದ. ಕೋರ್ಟಿನಲ್ಲಿ ಅದನ್ನು ರುಜುವಾತು ಮಾಡಲು ಐದಾರು ಸಾಕ್ಷಿಗಳು ಬೇಕು.

ಯಾರೋ "ನಾರ್ಕೋ ಟೆಸ್ಟ್ ಮಾಡಿಸಿದರೆ ಎಲ್ಲ ಕಕ್ಕುತ್ತಾರೆ" ಅಂತ ಬರೆದಿದ್ದಿರಿ. ಒತ್ತಾಯದಿಂದ ಮಾಡಿಸುವ ಹಾಗಿಲ್ಲ ಅಂತ 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ಕೇಸಿನಲ್ಲಿ. ಒಪ್ಪಿ ಮಾಡಿಸಿಕೊಂಡರೂ ಮದ್ದಿನ ಮತ್ತಿನಲ್ಲಿ ಹೇಳಿದ್ದು ಸಾಕ್ಷಿ ಆಗುವುದಿಲ್ಲ.

ಭಾವ, ಸೆಕ್ಷನ್ ವಿಷಯ. 2024ರ ಜುಲೈ 1ರಿಂದ ಈಚೆಗೆ ನಡೆದ ಕೊಲೆಗೆ ಹಳೇ ಐಪಿಸಿಯ 302 ಇಲ್ಲ, ಭಾರತೀಯ ನ್ಯಾಯ ಸಂಹಿತೆಯ 103 ಹಾಕುತ್ತಾರೆ. ಕೊಲೆ ಅಲ್ಲದ ನರಹತ್ಯೆಗೆ 105. ಎಫ್‌ಐಆರ್ ಬರೆಯುವ ಹೊತ್ತಿಗೆ ಪೊಲೀಸರಿಗೆ ಗೊತ್ತಿದ್ದದ್ದು ಎಷ್ಟೋ ಅಷ್ಟಕ್ಕೆ ಸೆಕ್ಷನ್ ಹಾಕಿರುತ್ತಾರೆ. ತನಿಖೆಯಲ್ಲಿ ಒಂದು ಬಿಡಬಹುದು, ಇನ್ನೊಂದು ಸೇರಬಹುದು. ಸಾಕ್ಷ್ಯ ನಾಶ ಮಾಡಿದ್ದರೆ 238 ಸೇರುತ್ತದೆ, ಒಳಸಂಚು ಇದ್ದರೆ 61. ಚಾರ್ಜ್ ಶೀಟ್ ಅನ್ನುವುದು ಪೊಲೀಸರ ಮಾತು ಅಷ್ಟೇ. ಅದನ್ನು ನೋಡಿ, ಎರಡೂ ಕಡೆ ಕೇಳಿ, ಯಾವ ಆರೋಪದ ಮೇಲೆ ವಿಚಾರಣೆ ಅಂತ ನಿಗದಿ ಮಾಡುವುದು ಕೋರ್ಟು. ತೀರ್ಪು ಹೇಳುವ ತನಕ ಅದನ್ನು ಬದಲಾಯಿಸುವ ಅಧಿಕಾರವೂ ಕೋರ್ಟಿಗೆ ಇದೆ. ನಂಬರ್ ಬದಲಾದ ತಕ್ಷಣ ದುಡ್ಡು ಕೈ ಬದಲಾಯಿತು ಅನ್ನಲು ಆಗುವುದಿಲ್ಲ. ಇನ್ನೊಂದು, ಎ1 ಅಂದರೆ ಕೊಂದವರು, ಎ2 ಅಂದರೆ ಸಹಾಯ ಮಾಡಿದವರು ಅಂತ ಇಲ್ಲ. ಅದು ಆರೋಪಿಗಳ ಪಟ್ಟಿಯ ಕ್ರಮಸಂಖ್ಯೆ.

ಅತ್ತಿಗೆ ಕೇಳಿದ್ದರು, 90 ದಿನ ಆದರೆ ಬಿಟ್ಟೇ ಬಿಡುತ್ತಾರಾ ಅಂತ. ಕೊಲೆ ಕೇಸಿನಲ್ಲಿ 90 ದಿನದೊಳಗೆ ಚಾರ್ಜ್ ಶೀಟ್ ಹಾಕದಿದ್ದರೆ ಆರೋಪಿ ಜಾಮೀನು ಕೇಳಬಹುದು, ಕೊಡಲೇಬೇಕು. ಜಾಮೀನು ಅಷ್ಟೇ. ಕೇಸು ಹಾಗೇ ಇರುತ್ತದೆ.

ಮೊಬೈಲ್ ಟವರ್ ಬಗ್ಗೆ ತುಂಬಾ ಜನ ಬರೆದಿದ್ದೀರಿ. ಟವರ್ ತೋರಿಸುವುದು ಆ ಫೋನು ಯಾವ ಏರಿಯಾದಲ್ಲಿತ್ತು ಅಂತ. ಆ ಮನೆಯೊಳಗೆ ಇತ್ತು ಅಂತ ಅಲ್ಲ, ಫೋನು ಅವನ ಜೇಬಿನಲ್ಲೇ ಇತ್ತು ಅಂತಲೂ ಅಲ್ಲ. ಕಣ್ಣಾರೆ ಕಂಡವರು ಇಲ್ಲದ ಕೇಸಿನಲ್ಲಿ ಇಂಥ ಒಂದೊಂದೇ ಕೊಂಡಿ ಸೇರಿ ಸರಪಳಿ ಆಗಬೇಕು. ಆ ಸರಪಳಿ ನೋಡಿದರೆ ಆರೋಪಿ ಬಿಟ್ಟು ಬೇರೆ ಯಾರೂ ಮಾಡಿರಲು ಸಾಧ್ಯವಿಲ್ಲ ಅನ್ನುವ ಹಾಗಿರಬೇಕು. 1984ರ ಶರದ್ ಬಿರ್ಧಿಚಂದ್ ಸಾರ್ದಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು. ತೀರ್ಪುಗಳಲ್ಲಿ ಎಷ್ಟು ಸಲ ಟೈಪ್ ಮಾಡಿದ್ದೇನೆ ಅಂದರೆ ಅದು ನನಗೆ ಬಾಯಿಪಾಠ.

2008ರಲ್ಲಿ ನೋಯ್ಡಾದಲ್ಲಿ ಆರುಷಿ ಅನ್ನುವ ಹುಡುಗಿಯ ಕೊಲೆ ಆಯಿತು, ನೆನಪಿದೆಯಾ? ಮೊದಲ ದಿನ ಎಲ್ಲರೂ ಮನೆಗೆಲಸದವನೇ ಕೊಂದು ಓಡಿ ಹೋಗಿದ್ದಾನೆ ಅಂದರು. ಮಾರನೇ ದಿನ ಅದೇ ಮನೆಯ ತಾರಸಿ ಮೇಲೆ ಅವನ ಹೆಣ ಸಿಕ್ಕಿತು. ಸತ್ತು ಬಿದ್ದವನನ್ನು ಒಂದು ದಿನ ಪೂರ್ತಿ ಕೊಲೆಗಾರ ಅಂದರು. ಆಮೇಲೆ ತಂದೆ ತಾಯಿಗೆ 2013ರಲ್ಲಿ ಜೀವಾವಧಿ ಆಯಿತು, 2017ರಲ್ಲಿ ಅಲಹಾಬಾದ್ ಹೈಕೋರ್ಟ್ ಅವರನ್ನು ಬಿಡುಗಡೆ ಮಾಡಿತು. ಅಷ್ಟು ದೂರ ಯಾಕೆ, ನಮ್ಮ ಕೊಡಗಿನ ಕೇಸನ್ನೇ 2025ರಲ್ಲಿ ಎಲ್ಲರೂ ಓದಿದ್ದೀರಿ. ಹೆಂಡತಿಯನ್ನು ಕೊಂದ ಅಂತ ಒಬ್ಬನ ಮೇಲೆ ಚಾರ್ಜ್ ಶೀಟ್ ಹಾಕಿದರು, ಒಂದೂವರೆ ವರ್ಷದ ಹತ್ತಿರ ಜೈಲಿನಲ್ಲಿದ್ದ. ಕೊನೆಗೆ ಹೆಂಡತಿ ಮಡಿಕೇರಿಯಲ್ಲಿ ಜೀವಂತ ಸಿಕ್ಕಳು. ಆ ಮನುಷ್ಯನನ್ನು ಊರಿನವರು ಆ ವರ್ಷಗಳಲ್ಲಿ ಏನೇನು ಅಂದಿರಬಹುದು, ಅವನ ಮಕ್ಕಳು ಅದನ್ನೆಲ್ಲ ಹೇಗೆ ಕೇಳಿಸಿಕೊಂಡಿರಬಹುದು ಅಂತ ನನಗೆ ಈಗಲೂ ಅನಿಸುತ್ತದೆ.

ಹಾಗಂತ ಈ ಹೆಂಗಸು ನಿರಪರಾಧಿ ಅಂತ ನಾನು ಹೇಳುತ್ತಿಲ್ಲ. ಮಾಡಿದ್ದರೆ ಶಿಕ್ಷೆ ಆಗಲೇಬೇಕು. ಆಗಬೇಕು ಅಂತಲೇ ಇಷ್ಟು ಹೇಳುತ್ತಿರುವುದು.

ಮಾವ, ಆ ಪಿಡಿಎಫ್ ಕೊನೇ ಪುಟಗಳನ್ನು ನೋಡಿದಿರಾ? ಸಾಕ್ಷಿಗಳ ಪಟ್ಟಿ ಇದೆ. ಹೆಸರು, ವಯಸ್ಸು, ಮನೆ ವಿಳಾಸ, ಫೋನ್ ನಂಬರ್. ಅದರಲ್ಲಿ ಹದಿನೆಂಟು ವರ್ಷದ ಒಬ್ಬಳು ಹುಡುಗಿ ಇದ್ದಾಳೆ. ನಾಳೆ ಅವಳ ಮನೆ ಬಾಗಿಲಿಗೆ ಯಾರು ಹೋಗಿ ನಿಲ್ಲುತ್ತಾರೋ, ರಾತ್ರಿ ಯಾರು ಫೋನ್ ಮಾಡುತ್ತಾರೋ ನಮಗೆ ಗೊತ್ತಾ? ಕಟಕಟೆ ಹತ್ತಿ "ನನಗೇನೂ ಗೊತ್ತಿಲ್ಲ" ಅನ್ನುವ ಸಾಕ್ಷಿಗಳಲ್ಲಿ ಹೆದರಿದವರೇ ಜಾಸ್ತಿ, ನಾನು ಮುಖ ನೋಡಿದ್ದೇನೆ. ಚಾರ್ಜ್ ಶೀಟ್ ಸಾರ್ವಜನಿಕ ದಾಖಲೆ ಅಲ್ಲ ಅಂತ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನಿಮಗೆ ಅದು ಯಾರಿಂದ ಬಂತೋ ಅವರಿಗೂ ಒಂದು ಮಾತು ಹೇಳಿ.

ಪುಟ್ಟಾ, ಫೋಟೋ ಮೇಲೆ ಬೆರಳಿಟ್ಟು ಒತ್ತಿ ಹಿಡಿ, ಡಿಲೀಟ್ ಕೊಟ್ಟಾಗ "ಎಲ್ಲರಿಗೂ" ಅಂತ ಬರುವುದನ್ನು ಒತ್ತು. ನಿನಗೆ ಮಾತ್ರ ಅಂತ ಒತ್ತಿದರೆ ನಮ್ಮ ಫೋನುಗಳಲ್ಲಿ ಹಾಗೇ ಉಳಿಯುತ್ತದೆ. ಎರಡು ದಿನ ಕಳೆದರೆ ಎಲ್ಲರಿಂದ ತೆಗೆಯಲು ಬರುವುದಿಲ್ಲ, ಅದಕ್ಕೆ ಇವತ್ತೇ ಮಾಡು. ಕಾಲೇಜಿನ ಗ್ರೂಪಿಗೂ ಹಾಕಿದ್ದೀನಿ ಅಂದಿದ್ದೆ, ಅಲ್ಲಿಂದಲೂ ತೆಗಿ. ಅಲ್ಲಿಂದ ಯಾರಾದರೂ ಮುಂದಕ್ಕೆ ಕಳಿಸಿದ್ದರೆ ಅವರಿಗೂ ಹೇಳು. ಮಾವ, ನೀವೂ ಪಿಡಿಎಫ್ ತೆಗೆದುಬಿಡಿ. ಉಳಿದವರು ಗ್ಯಾಲರಿಯಲ್ಲಿ ಸೇವ್ ಆಗಿದೆಯಾ ಅಂತ ನೋಡಿಕೊಳ್ಳಿ. ತೆಗೆದ ಮೇಲೆ "ತೆಗೆದೆ" ಅಂತ ಇಲ್ಲೇ ಹಾಕಿ, ನಾನು ಕಾಯುತ್ತಿರುತ್ತೇನೆ.