ಕಸಿ ಕಲ್ಲಂಗಡಿ: ನುಲಿಬಳ್ಳಿ ಒಣಗಿದರೂ ಒಳಗೆ ಹಣ್ಣಾಗಿಲ್ಲ, ಯಾಕೆ?

ಹಿರಿಯೂರು ಬಯಲು:
ಸೊರಗು ರೋಗ ಇರುವ ಹೊಲ. ಅದಕ್ಕೇ ಈ ಸಲ ಸಿಹಿಗುಂಬಳದ ಹೈಬ್ರಿಡ್ ಬೇರಿಗೆ ಕಸಿ ಮಾಡಿದ ಸಸಿ ಹಾಕಿದ್ದೇವೆ. ಬಳ್ಳಿ ಒಂದೂ ಸತ್ತಿಲ್ಲ. ಆದರೆ ತೊಟ್ಟಿನ ಪಕ್ಕದ ನುಲಿಬಳ್ಳಿ ಒಣಗಿದ ಕಾಯಿ ಕೊಯ್ದರೆ ತಿರುಳು ತೆಳುಗೆಂಪು, ಗಟ್ಟಿ, ಬ್ರಿಕ್ಸ್ (ರಸದ ಸಿಹಿಯ ಅಳತೆ) 9. ಪಕ್ಕದ ಸಾಲಿನಲ್ಲಿ ಅದೇ ತಳಿ, ಕಸಿ ಇಲ್ಲದ್ದು, 11 ಬರುತ್ತಿದೆ. ವ್ಯಾಪಾರಿ ಲೋಡಿಗೆ ಅವಸರ ಮಾಡ್ತಿದ್ದಾರೆ. ಕಸಿಯಿಂದಲೇ ರುಚಿ ಕೆಟ್ಟಿತಾ?

ತುಂಗಭದ್ರಾ ತೋಟ:
ದಯವಿಟ್ಟು ಈಗಲೇ ಕೀಳಬೇಡಿ ಸರ್. ಕಲ್ಲಂಗಡಿ ಮಾವಿನ ಹಾಗೆ ಕಿತ್ತ ಮೇಲೆ ಸಿಹಿಯಾಗುವ ಹಣ್ಣಲ್ಲ, 9ಕ್ಕೆ ಕಿತ್ತರೆ 9ರಲ್ಲೇ ನಿಲ್ಲುತ್ತದೆ. ಕುಂಬಳದ ಬೇರಿನ ಮೇಲೆ ಹಣ್ಣಾಗುವುದು ಕೆಲವು ದಿನ, ಕೆಲವೊಮ್ಮೆ ವಾರದವರೆಗೂ ತಡ. ನುಲಿಬಳ್ಳಿ ಒಣಗಿದ್ದನ್ನೇ ನಂಬಿದರೆ ಮೋಸ. ಒಂದೇ ಹೊತ್ತಿಗೆ ಕಚ್ಚಿದ ಕಾಯಿಗಳಲ್ಲಿ 3 ದಿನಕ್ಕೊಂದು ಕೊಯ್ದು, ನಟ್ಟನಡುವಿನ ತಿರುಳಿನ ರಸವನ್ನೇ ಮೀಟರಿಗೆ ಹಾಕಿ. ಸಿಪ್ಪೆ ಹತ್ತಿರದ ರಸ ಯಾವಾಗಲೂ ಸಪ್ಪೆ.

ಗೊಬ್ಬರವನ್ನೂ ನೋಡಿಕೊಳ್ಳಿ. ಈ ಬೇರು ನೀರು, ಸಾರಜನಕ ಎರಡನ್ನೂ ಹೆಚ್ಚು ಎಳೆಯುತ್ತದೆ. ಕಸಿ ಇಲ್ಲದ ಗಿಡದ ಲೆಕ್ಕದಲ್ಲೇ ಯೂರಿಯಾ ಕೊಟ್ಟರೆ ಬಳ್ಳಿ ಸೊಕ್ಕಿ ಕುಡಿ ಓಡುತ್ತಲೇ ಇರುತ್ತದೆ, ಕಾಯಿಗೆ ಸಕ್ಕರೆ ಇಳಿಯುವುದಿಲ್ಲ. ಮುಂದಿನ ಬೆಳೆಗೆ ಸಾರಜನಕ ಮೂರನೇ ಒಂದು ಪಾಲು ಇಳಿಸಿ. ಈಗ ಕಾಯಿ ಗಾತ್ರ ಬಂದಿದ್ದರೆ ಅದನ್ನು ಪೂರ್ತಿ ನಿಲ್ಲಿಸಿ, ಡ್ರಿಪ್ಪಿನಲ್ಲಿ 0:0:50 (ಸಾರಜನಕವಿಲ್ಲದ ಪೊಟ್ಯಾಶ್ ಗೊಬ್ಬರ) ಮಾತ್ರ ಬಿಡಿ. ಕೊನೇ ವಾರ ನೀರನ್ನು ಸ್ವಲ್ಪಸ್ವಲ್ಪವೇ ಕಡಿಮೆ ಮಾಡಿ. ಒಣಗಿಸಿ ಒಮ್ಮೆಲೇ ಬಿಟ್ಟರೆ ಕಾಯಿ ಸೀಳುತ್ತದೆ.

ನರ್ಸರಿ ಮಾತು:
ಗಟ್ಟಿ ತಿರುಳು ಈ ಬೇರಿನ ಗುಣವೇ. ಹಣ್ಣಾದ ಮೇಲೂ ಕರುಂಕುರುಂ ಅನ್ನುತ್ತದೆ, ನಡುವೆ ಟೊಳ್ಳು ಬೀಳುವುದು ಕಡಿಮೆ, ದೂರದ ಸಾಗಣೆಗೆ ಒಳ್ಳೆಯದು. ಸಿಪ್ಪೆ ದಪ್ಪ, ಬೇರು-ತಳಿಯ ಕೆಲವು ಜೋಡಿಯಲ್ಲಿ ತಿರುಳಿನೊಳಗೆ ಹಳದಿ ನಾರು ಬರುವುದುಂಟು. ರುಚಿಯೇ ಮುಖ್ಯವಾದರೆ ಸೋರೆ ಬೇರು ವಾಸಿ, ಆದರೆ ಸೋರೆಗೂ ಅದರದೇ ಸೊರಗು ರೋಗವಿದೆ. ಗಂಟುಬೇರು ಜಂತುಹುಳ ಇರುವ ಮಣ್ಣಿಗೆ ಇವೆರಡೂ ಆಗುವುದಿಲ್ಲ.

ಹಿರಿಯೂರು ಬಯಲು:
ಕೆಲವು ಗಿಡದಲ್ಲಿ ಬುಡದಿಂದ ಬೇರೆ ಥರದ ಎಲೆ ಬರ್ತಿದೆ. ಬಿಡಬಹುದಾ?

ನರ್ಸರಿ ಮಾತು:
ಬಿಡಬೇಡಿ, ಅದು ಕುಂಬಳದ ಚಿಗುರು. ಬುಡಸಮೇತ ಚಿವುಟಿ, ವಾರಕ್ಕೊಮ್ಮೆ ನೋಡುತ್ತಿರಿ. ಕಸಿಗಂಟಿನ ಮೇಲೆ ಮಣ್ಣು ಏರಿದ್ದರೆ ಸರಿಸಿ, ಗಂಟು ನೆಲದಿಂದ ಮೇಲೇ ಇರಲಿ. ಮಣ್ಣು ತಾಗಿದರೆ ಕಲ್ಲಂಗಡಿ ಕಾಂಡವೇ ಬೇರು ಬಿಟ್ಟು, ಆ ಬೇರಿನಿಂದ ಸೊರಗು ರೋಗ ಮತ್ತೆ ಒಳಗೆ ಬರುತ್ತದೆ.