ಟೆರಾಕೋಟಾ ಒಡವೆ: ಒಮ್ಮೆ ಕೊಂಡವರು ತಿರುಗಿ ಬರಬೇಕಾದರೆ ಎಷ್ಟು ಹೊಸ ಡಿಸೈನ್ ಬೇಕು?

ಕೆಮ್ಮಣ್ಣು (ಪ್ರಶ್ನೆ)

ಕೈಯಲ್ಲೇ ಮಾಡುವ ಟೆರಾಕೋಟಾ ಒಡವೆ. ಪಟ್ಟಿಯಲ್ಲಿ ಈಗ 64 ಡಿಸೈನ್ ಇವೆ: ಜುಮಕಿ, ಓಲೆ, ಪದಕದ ಸರ, ಸ್ವಲ್ಪ ಬಳೆ. ಮಾರಾಟ ವಾಟ್ಸಾಪ್, ಇನ್‌ಸ್ಟಾಗ್ರಾಂ, ತಿಂಗಳಿಗೊಂದು ಸಂತೆ. ಹೊಸಬರು ಕೊಳ್ಳುತ್ತಾರೆ, ಆದರೆ ಕೊಂಡವರು ಮತ್ತೆ ಬರುವುದು ತೀರಾ ಕಡಿಮೆ. ವಾರಕ್ಕೆರಡು ಹೊಸ ಡಿಸೈನ್ ಹಾಕಿದ್ದೂ ಆಯಿತು. ಮಣ್ಣು ಹದ ಮಾಡಿ, ಒಣಗಿಸಿ, ಸುಟ್ಟು, ಬಣ್ಣ ಹಾಕುವಷ್ಟರಲ್ಲಿ 12 ದಿನ ಹೋಗುತ್ತದೆ. ಹಳೆಯವು ಡಬ್ಬಿಗಳಲ್ಲಿ ಕೂತಿವೆ. ಎಲ್ಲ ಬದಿಗಿಟ್ಟು ಹೊಸ ಸಾಲು ಶುರು ಮಾಡುವುದೋ, ಇರುವುದನ್ನೇ ತಿದ್ದುವುದೋ? ಗೌರಿ ಹಬ್ಬಕ್ಕೆ ಎಂಟು ವಾರ ಇದೆ.

ಆವಿಗೆ

ಹೊಸ ಡಿಸೈನ್ ನಿಲ್ಲಿಸಿ. ಆ 64ನ್ನು ಆಕಾರದ ಮೇಲೆ ವಿಂಗಡಿಸಿ ನೋಡಿ, 14-15 ಆಕಾರಕ್ಕಿಂತ ಹೆಚ್ಚು ಇರಲಿಕ್ಕಿಲ್ಲ. ಉಳಿದದ್ದೆಲ್ಲ ಬಣ್ಣ, ಮಣಿ, ಕೊಕ್ಕೆಯ ವ್ಯತ್ಯಾಸ. ನಿಮ್ಮ 12 ದಿನದಲ್ಲಿ ಹತ್ತು ದಿನ ಮಣ್ಣಿಗೇ ಹೋಗುತ್ತದೆ, ಬಣ್ಣಕ್ಕೆ ಹೆಚ್ಚೆಂದರೆ ಎರಡು. ಹಾಗಿದ್ದ ಮೇಲೆ ಹೊಸತನ ಬರಬೇಕಾದದ್ದು ಬಣ್ಣದಲ್ಲಿ, ಮಣ್ಣಿನಲ್ಲಲ್ಲ.

ಕಳೆದ ಆರು ತಿಂಗಳಲ್ಲಿ ಹೆಚ್ಚು ಮಾರಿಹೋದ ಎಂಟು ಆಕಾರ ಇಟ್ಟುಕೊಳ್ಳಿ. ಒಂದೊಂದರಲ್ಲಿ 20 ಜೊತೆ ಸುಟ್ಟು, ಬಣ್ಣ ಹಾಕದೆ ಡಬ್ಬಿಯಲ್ಲಿಡಿ. ಒಂದು ಬಣ್ಣದಲ್ಲಿ ಮೂರು ಜೊತೆ ಮಾತ್ರ ತಯಾರು ಮಾಡಿ ಫೋಟೊ ಹಾಕಿ. ಹೋದರೆ ಮರುದಿನವೇ ಇನ್ನೂ ಮೂರು. ಹೋಗದಿದ್ದರೆ ನಷ್ಟ ಮೂರು ಜೊತೆಯ ಬಣ್ಣ, ಅಷ್ಟೆ.

ಎಂಟು ವಾರ ಅಂದರೆ ಈಗ ಆಷಾಢದ ಸುತ್ತಮುತ್ತ. ಮದುವೆ ಇಲ್ಲ, ಗಿರಾಕಿ ಕಡಿಮೆ, ದಾಸ್ತಾನಿಗೆ ಒಳ್ಳೆಯ ಕಾಲ. ಆದರೆ ಮಳೆ. ನೆರಳಿನಲ್ಲಿ 5-7 ದಿನದಲ್ಲಿ ಒಣಗುವುದು ಈಗ ಹತ್ತಾದರೂ ಬೇಡುತ್ತದೆ. ಮೇಲೆ ಒಣಗಿದಂತೆ ಕಂಡು ಒಳಗೆ ಪಸೆ ಉಳಿದ ತುಂಡು ಸುಡುವ ಗೂಡಿನಲ್ಲಿ ಸಿಡಿಯುತ್ತದೆ, ಪಕ್ಕದ್ದನ್ನೂ ಕೆಡಿಸುತ್ತದೆ. ಕೆನ್ನೆಗೆ ಒತ್ತಿ ನೋಡಿ, ತಣ್ಣಗೆ ಅನಿಸಿದರೆ ಇನ್ನೂ ನೀರಿದೆ. ವಿದ್ಯುತ್ ಗೂಡಾದರೆ ಮೊದಲ ಎರಡು ಗಂಟೆ 100 ಡಿಗ್ರಿ ದಾಟಿಸದೆ ಬಾಗಿಲು ತುಸು ತೆರೆದಿಡಿ. ಆಮೇಲೆ ನಿಧಾನವಾಗಿ 850ರ ಆಸುಪಾಸಿಗೆ ಏರಿಸಿ. ಇಳಿಯುವಾಗ ಅವಸರ ಬೇಡ: 573 ಡಿಗ್ರಿ ಹತ್ತಿರ ಮಣ್ಣಿನೊಳಗಿನ ಸ್ಫಟಿಕ ಒಮ್ಮೆಲೇ ಕುಗ್ಗುತ್ತದೆ, ಆಗ ಬೇಗ ತಣಿದರೆ ಕೂದಲೆಳೆಯ ಬಿರುಕು.

ಚೆನ್ನಾಗಿ ಓಡುತ್ತಿರುವ ಓಲೆಯ ಸುಟ್ಟ ತುಂಡಿನಿಂದಲೇ ಅಚ್ಚು ತೆಗೆಯುವುದು ಸಾಮಾನ್ಯ ತಪ್ಪು. ನಿಮ್ಮ ಮಣ್ಣು ಶೇ 8 ಕುಗ್ಗುವುದಾದರೆ 40 ಮಿ.ಮೀ. ಓಲೆ ಮುಂದಿನ ಸಲ 36.8ಕ್ಕೆ ಬರುತ್ತದೆ. ಹಳೆಯದರ ಪಕ್ಕ ಇಟ್ಟರೆ ಯಾರಿಗಾದರೂ ಗೊತ್ತಾಗುತ್ತದೆ. ಮೂಲ ಮಾದರಿಯನ್ನು ಅಷ್ಟು ದೊಡ್ಡದಾಗಿ ಬೇರೆಯೇ ಮಾಡಿ ಅದರಿಂದ ಅಚ್ಚು ತೆಗೆಯಿರಿ.

ಕೊಕ್ಕೆ

ಆವಿಗೆಯವರು ಹೇಳಿದ್ದು ಸರಿ, ಆದರೆ ಅದಕ್ಕೂ ಮೊದಲು ಕೊಂಡವರು ಯಾಕೆ ಬರುತ್ತಿಲ್ಲ ಎಂದು ನೋಡಿ. ಎಷ್ಟೋ ಸಲ ಕಾರಣ ಡಿಸೈನ್ ಅಲ್ಲವೇ ಅಲ್ಲ. ಕಿವಿ ಕೆಂಪಾಗಿರುತ್ತದೆ, ಕೊಕ್ಕೆ ಕಪ್ಪಾಗಿರುತ್ತದೆ, ಬಣ್ಣ ಎದ್ದಿರುತ್ತದೆ. ದೂರು ಕೊಡುವವರು ಕಡಿಮೆ. ಸುಮ್ಮನೆ ಬರುವುದು ನಿಲ್ಲಿಸುತ್ತಾರೆ.

ತೂಕ ನೋಡಿ. ಅಡುಗೆಯ ಡಿಜಿಟಲ್ ತಕ್ಕಡಿ ಸಾಕು. ಒಂದು ಕಿವಿಗೆ 10 ಗ್ರಾಂ ದಾಟಿದ ಜುಮಕಿಗೆ ಮಾಟಿ (ಓಲೆಯ ಭಾರ ಹೊರುವ ಕಿವಿಸರಪಣಿ) ಸೇರಿಸಿಯೇ ಮಾರಿ, ಇಲ್ಲವೇ ಗುಮ್ಮಟದ ಗೋಡೆಯನ್ನು 2 ಮಿ.ಮೀ.ಗೆ ಇಳಿಸಿ. ಕೊಕ್ಕೆ ಅಗ್ಗದ ನಿಕ್ಕಲ್ ಲೇಪದ್ದಾದರೆ ತುರಿಕೆ ಖಂಡಿತ ಯಾರಿಗಾದರೂ ಆಗುತ್ತದೆ. ಸರ್ಜಿಕಲ್ ಸ್ಟೀಲ್ ಹಾಕಿ, ಹೆಚ್ಚು ಬೆಲೆಯವಕ್ಕೆ ಬೆಳ್ಳಿ. ಕೊಕ್ಕೆಯ ಸಣ್ಣ ಉಂಗುರವನ್ನು ಪಕ್ಕಕ್ಕೆ ತಿರುಚಿ ತೆರೆಯಬೇಕು. ಎಳೆದು ಅಗಲಿಸಿದರೆ ಮತ್ತೆ ಸರಿಯಾಗಿ ಮುಚ್ಚುವುದಿಲ್ಲ, ಓಲೆ ದಾರಿಯಲ್ಲಿ ಬೀಳುತ್ತದೆ.

ಸುಟ್ಟದ್ದು ಸಾಲದಿದ್ದರೂ ಇದೇ ಕಥೆ. ಒಂದು ತುಂಡನ್ನು ಇಡೀ ರಾತ್ರಿ ನೀರಿನಲ್ಲಿ ಬಿಡಿ. ಬೆಳಗ್ಗೆ ಉಗುರಿಗೆ ಮಣ್ಣು ಬಂದರೆ ಆ ಗೂಡಿನದು ಯಾವುದನ್ನೂ ಕಳಿಸಬೇಡಿ. (ಅಡುಗೆಮನೆಯ ಓವನ್‌ನಲ್ಲಿ 250 ಡಿಗ್ರಿಗೆ ಕಾಯಿಸಿ ಟೆರಾಕೋಟಾ ಅನ್ನುವವರೂ ಇದ್ದಾರೆ. ಅದು ಒಣಗಿದ ಮಣ್ಣು.)

ಡಬ್ಬಿಯಲ್ಲಿ ಕೂತವನ್ನು ಬಿಸಾಡಬೇಡಿ. ಲೋಹದ ಭಾಗ ಬಿಚ್ಚಿ, 220ರ ಉಪ್ಪುಕಾಗದದಲ್ಲಿ ಹೊಳಪು ಹೋಗುವಷ್ಟು ಉಜ್ಜಿ, ಒರೆಸಿ, ಮತ್ತೆ ಬಣ್ಣ ಹಾಕಬಹುದು. ಸೂಕ್ಷ್ಮ ಕೆತ್ತನೆ ಇದ್ದರೆ ಬಣ್ಣದ ಮೇಲೆ ಬಣ್ಣ ಕೂತು ಗೆರೆ ಮುಚ್ಚುತ್ತದೆ. ಅಂಥವನ್ನು ಇನ್ನೊಮ್ಮೆ ಸುಡಿ, ಅಕ್ರಿಲಿಕ್ ಉರಿದು ಹೋಗುತ್ತದೆ. ಹೊಗೆ ಕೆಟ್ಟದ್ದು, ಗೂಡು ಮನೆಯೊಳಗಿದ್ದರೆ ಬೇಡ.

ಸೆರಗು

ಒಡವೆ ಮಾತ್ರ ನೋಡುತ್ತಿದ್ದೀರಿ, ಸೀರೆ ನೋಡಿ. ಟೆರಾಕೋಟಾ ಕೊಳ್ಳುವವರು ಬಹುಪಾಲು ಕಾಟನ್, ಇಳಕಲ್ ಉಡುವವರು. ಅವರ ಕಪಾಟಿನಲ್ಲಿ ಇನ್ನೊಂದು ಸೀರೆ ಬಂದಾಗ ನಿಮ್ಮ ನೆನಪಾಗಬೇಕು. ಸೀರೆಯ ಫೋಟೊ ಕಳಿಸಿದರೆ ಅದಕ್ಕೆ ಹೊಂದುವ ಬಣ್ಣ ಹಾಕಿಕೊಡುತ್ತೇವೆ ಅನ್ನಿ. ಸುಟ್ಟ ಬರಿ ತುಂಡು ಕೈಯಲ್ಲಿದ್ದರೆ ಇದು ಮೂರು ದಿನದ ಕೆಲಸ. ಫೋಟೊವನ್ನು ಹಗಲು ಬೆಳಕಿನಲ್ಲಿ, ಸೆರಗಿನ ಮೇಲೆ ಒಂದು ಬಿಳಿ ಹಾಳೆ ಇಟ್ಟು ತೆಗೆಯಲು ಹೇಳಿ. ಹಾಳೆ ಹಳದಿಯಾಗಿ ಕಂಡರೆ ಬಣ್ಣ ನಂಬಬೇಡಿ.

ಇಳಕಲ್ ಜೊತೆಗೆ ಕಸೂತಿ ಗೆರೆ ಚೆನ್ನಾಗಿ ಹೊಂದುತ್ತದೆ. ಕಸೂತಿಯ ಗವಂತಿ, ಮುರ್ಗಿ ಎರಡೂ ಚಿಕ್ಕ ಚಿಕ್ಕ ನೇರ ಗೆರೆಗಳಿಂದಾದ ಹೊಲಿಗೆಗಳಾದ್ದರಿಂದ ಸೊನ್ನೆ ನಂಬರಿನ ಕುಂಚದಲ್ಲಿ ಎಳೆಯುವುದು ಸುಲಭ. ಗೋಪುರ, ತುಳಸಿಕಟ್ಟೆಯಂಥ ಕಸೂತಿ ಚಿತ್ತಾರಗಳು 35 ಮಿ.ಮೀ. ಪದಕದಲ್ಲಿ ಕೂರುತ್ತವೆ, ಅದಕ್ಕಿಂತ ಚಿಕ್ಕದಾದರೆ ಬಣ್ಣ ಚೆಲ್ಲಿದ ಕಲೆಯಂತೆ ಕಾಣುತ್ತದೆ.

ಸೆಟ್ಟನ್ನು ಒಡೆದು ಮಾರಿ. ಈಗ ಓಲೆ, ದಸರೆಗೆ ಅದೇ ಬಣ್ಣದ ಪದಕ, ಆಮೇಲೆ ಬಳೆ. ಹೀಗಾಗಬೇಕಾದರೆ ಬಣ್ಣ ಮತ್ತೆ ಅದೇ ಬರಬೇಕು, ಕಣ್ಣಳತೆ ನಡೆಯದು. ಮಿಶ್ರಣವನ್ನು ಹನಿ ಲೆಕ್ಕದಲ್ಲಿ ಬರೆದಿಟ್ಟು, ಒಂದು ಸುಟ್ಟ ಬಿಲ್ಲೆಗೆ ಹಚ್ಚಿ ಹಿಂದೆ ನಂಬರ್ ಹಾಕಿ. ಅದೇ ನಂಬರ್ ಗಿರಾಕಿಯ ಚೀಟಿಯಲ್ಲೂ ಇರಲಿ. ಒಂದು ಓಲೆ ಕಳೆದುಕೊಂಡವರಿಗೆ ಒಂಟಿ ಓಲೆ ಮಾಡಿಕೊಡುವುದಕ್ಕೂ ಅದೇ ನಂಬರ್. ಈ ಒಂದು ಸೌಲಭ್ಯಕ್ಕೇ ತಿರುಗಿ ಬರುವವರಿದ್ದಾರೆ.

ನವೆಂಬರ್ 1ಕ್ಕೆ ಹಳದಿ-ಕೆಂಪು ಮರೆಯಬೇಡಿ. ಕಚೇರಿ, ಶಾಲೆಗಳಲ್ಲಿ ಒಟ್ಟಿಗೆ ಹತ್ತಿಪ್ಪತ್ತು ಜೊತೆ ಕೇಳುತ್ತಾರೆ, ಅಕ್ಟೋಬರ್ ಮೊದಲ ವಾರವೇ ಫೋಟೊ ಹೋಗಿರಬೇಕು.

ಕೆಮ್ಮಣ್ಣು

ಎಣಿಸಿದೆ, 17 ಆಕಾರ. ಎರಡು ಸಂದೇಹ. ಹಳದಿ ಹಾಕಿದರೆ ಯಾವಾಗಲೂ ಮಂಕು, ಮೂರು ಕೋಟ್ ಆದರೂ. ಮಳೆಗಾಲದಲ್ಲಿ ವಾರ್ನಿಶ್ ಬೆಳ್ಳಗಾಗುತ್ತದೆ. ಇನ್ನೊಂದು, ಒಂಟಿ ಓಲೆಗೆ ಎಷ್ಟು ತೆಗೆದುಕೊಳ್ಳುವುದು? ಉಚಿತ ಕೊಡಿ ಅನ್ನುತ್ತಾರೆ ಕೆಲವರು.

ಕೊಕ್ಕೆ

ಹಳದಿ ಪಾರಕ ಬಣ್ಣ, ಕೆಳಗಿನ ಕೆಂಪು ಮಣ್ಣು ತೋರುತ್ತದೆ. ಮೊದಲು ಬಿಳಿ ಒಂದು ತೆಳು ಕೋಟ್, ಅದು ಒಣಗಿದ ಮೇಲೆ ಹಳದಿ ಎರಡು. ದಪ್ಪಗೆ ಒಂದೇ ಸಲ ಬಳಿದರೆ ಗೆರೆ ತುಂಬಿ ಅಂಚಿನಲ್ಲಿ ಸಿಪ್ಪೆ ಏಳುತ್ತದೆ.

ಬಿಳುಪು ಸ್ಪ್ರೇ ಲ್ಯಾಕರಿನದ್ದಿರಬೇಕು, ಗಾಳಿಯ ತೇವ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಮಳೆ ಬರುವಾಗ ಸ್ಪ್ರೇ ಬೇಡ. ನೀರಿನ ಆಧಾರದ ಅಕ್ರಿಲಿಕ್ ವಾರ್ನಿಶ್ ಕುಂಚದಲ್ಲಿ ಹಚ್ಚಿ. ಬಣ್ಣ ಹಾಕಿ ಒಂದು ಪೂರ್ತಿ ದಿನ ಬಿಟ್ಟು. ಎರಡನೆಯ ಕೋಟ್ ಮರುದಿನ. ಪೂರ್ತಿ ಆರದೆ ಪ್ಲಾಸ್ಟಿಕ್ ಕವರಿಗೆ ಹಾಕಿದರೆ ಅಂಟಿಕೊಂಡು ಕವರಿನ ಗುರುತು ಬೀಳುತ್ತದೆ. ಬಟರ್ ಪೇಪರಿನಲ್ಲಿ ಸುತ್ತಿ ಕಳಿಸಿ.

ಸೆರಗು

ಉಚಿತ ಬೇಡ. ಜೊತೆಯ ಬೆಲೆಯ ಅರ್ಧ, ಅಂಚೆ ಖರ್ಚು ಅವರದ್ದು. ಕೊಕ್ಕೆ ಕಳಚಿದ್ದಾದರೆ ಮಾತ್ರ ಉಚಿತ, ಅದು ನಿಮ್ಮ ಕೈಯ ತಪ್ಪು.

ಆವಿಗೆ

ಅರ್ಧಕ್ಕೆ ಗಿಟ್ಟುವುದಿಲ್ಲ. ಒಂದು ಓಲೆಗಾಗಿ ಬಣ್ಣ ಬೆರೆಸುವ ಹೊತ್ತು ಒಂದು ಜೊತೆಗೆ ಬೆರೆಸುವಷ್ಟೇ. ಮುಕ್ಕಾಲು ಕೇಳಿ, ಇಲ್ಲವೇ ಅಂಥ ಕೋರಿಕೆಗಳನ್ನು ಕೂಡಿಟ್ಟು ತಿಂಗಳಿಗೊಂದು ದಿನ ಮಾಡಿ. 17ರಲ್ಲಿ ಯಾವ ಎಂಟು ಉಳಿಸಿದಿರಿ ಎಂದು ಹಾಕಿ. ಬಳೆ ಅದರಲ್ಲಿದ್ದರೆ ತೆಗೆಯಿರಿ: ಅಳತೆಗೊಂದರಂತೆ 2.4, 2.6, 2.8 ಇಡಬೇಕಾಗುತ್ತದೆ, ಸುಡುವಾಗ ಅಂಡಾಕಾರಕ್ಕೆ ತಿರುಚಿಕೊಳ್ಳುವುದೂ ಅದೇ ಹೆಚ್ಚು.